ಪೌರುಷವೂ ಪ್ರಾರ್ಥನೆಯೂ

ಮನೆಯ ಯಜಮಾನನು ಸಂಜೆ ಕೆಲಸದಿಂದ ಹಿಂದಿರುಗಿ, ಕೈಕಾಲು ತೊಳೆದು ಬಂದು ಕುಳಿತುಕೊಳ್ಳುತ್ತಾನೆ. “ಏಕೆ, ಮುಖ ಬಾಡಿದೆಯಲ್ಲಾ?” ಎಂದು ಹೆಂಡತಿಯು ಕೇಳಿದರೆ “ಏನೂ ಇಲ್ಲ” ಎಂದು ಉತ್ತರ ಕೊಡುತ್ತಾನೆ. ಕೆಲಸ ಹೋದೀತೆಂಬ ಭಯವಿರಬಹುದು. ಸಾಲದ ಕಂತು ತಪ್ಪಿರಬಹುದು. ಕುಡಿತದ ಚಟವು ಗುಟ್ಟಾಗಿ ಅಂಟಿಕೊಂಡಿರಬಹುದು. ಆದರೂ ಅವನ ಬಾಯಿಂದ ಹೊರಡುವುದು ಆ ಎರಡೇ ಮಾತು. ಗಂಡಸಾದವನು ಅಳಬಾರದೆಂದು ಚಿಕ್ಕಂದಿನಲ್ಲಿ ಕಲಿತ ಪಾಠವನ್ನು ಅವನು ಮರೆತಿಲ್ಲ.

ಈ ಮೌನವು ಸಣ್ಣ ಸಂಗತಿಯಲ್ಲ. 2021ನೆಯ ಇಸವಿಯಲ್ಲಿ ನಮ್ಮ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡವರೆಂದು ಸರಕಾರದ ಲೆಕ್ಕಕ್ಕೆ ಬಂದವರು 1,64,033 ಮಂದಿ. ಅವರಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚು ಮಂದಿ ಗಂಡಸರು. ಹೆಣ್ಣುಮಕ್ಕಳ ಕಷ್ಟವು ಕಡಿಮೆಯೆಂದು ಇದರ ಅರ್ಥವಲ್ಲ. ಇದಕ್ಕೆ ಕಾರಣಗಳೂ ಹಲವು. ನೋವನ್ನು ಯಾರಿಗೂ ಹೇಳದೆ ನುಂಗಿಕೊಳ್ಳುವ ಅಭ್ಯಾಸವು ಅವುಗಳಲ್ಲಿ ಒಂದೆಂಬುದನ್ನು ಮಾತ್ರ ಯಾರೂ ಅಲ್ಲಗಳೆಯಲಾರರು. ಆದಕಾರಣ ನಿಜವಾದ ಗಂಡಸುತನ ಯಾವುದು, ಅದರಲ್ಲಿ ದೈವಭಕ್ತಿಗೆ ಸ್ಥಾನವುಂಟೇ ಎಂಬ ಪ್ರಶ್ನೆಯು ಪ್ರತಿಯೊಂದು ಮನೆಗೂ ಸೇರಿದ್ದಾಗಿದೆ. ಕ್ರೈಸ್ತ ಸಮಾಜವು ಇದಕ್ಕೆ ಕೊಟ್ಟ ಉತ್ತರಗಳನ್ನು ಇಲ್ಲಿ ಸ್ವಲ್ಪ ವಿಚಾರಿಸೋಣ.

ಇಂಗ್ಲೆಂಡಿನ ಹಳ್ಳಿಯೊಂದರ ರೈತನ ಮಗನಾದ ಜಾರ್ಜ್ ವಿಲಿಯಮ್ಸ್ ಎಂಬಾತನು 1841ರಲ್ಲಿ ಲಂಡನ್ ನಗರಕ್ಕೆ ಬಂದು ಬಟ್ಟೆಯಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದನು. ಆ ಕಾಲದಲ್ಲಿ ಅಂಗಡಿಯ ಹುಡುಗರು ಬೆಳಗಿನಿಂದ ರಾತ್ರಿಯ ತನಕ ದುಡಿದು, ಅಂಗಡಿಯವರೇ ಕೊಟ್ಟ ಇಕ್ಕಟ್ಟಾದ ಕೋಣೆಗಳಲ್ಲಿ ಮಲಗುತ್ತಿದ್ದರು. ತಾಯಿತಂದೆಗಳು ದೂರ, ಹತ್ತಿರವಿದ್ದುದು ಹೆಂಡದಂಗಡಿ. ವಿಲಿಯಮ್ಸನು ಕೆಲವು ಜೊತೆಗಾರರನ್ನು ಮಲಗುವ ಕೋಣೆಯಲ್ಲಿಯೇ ಸೇರಿಸಿ ಪ್ರಾರ್ಥನೆಗೆ ಮೊದಲು ಮಾಡಿದನು. 1844ನೆಯ ಜೂನ್ 6ರಂದು ಹನ್ನೆರಡು ಮಂದಿ ಯುವಕರು ಕೂಡಿ ಕಟ್ಟಿದ ಆ ಸಂಘವೇ ಈಗ ಲೋಕವೆಲ್ಲಾ ಬಲ್ಲ ವೈ.ಎಂ.ಸಿ.ಎ. ಆ ಯುವಕರ ಕೈಯಲ್ಲಿ ಹಣವಿರಲಿಲ್ಲ, ಅಧಿಕಾರವೂ ಇರಲಿಲ್ಲ. ಒಬ್ಬನ ಕಷ್ಟವನ್ನು ಮತ್ತೊಬ್ಬನು ಕೇಳುವ ಸ್ಥಳ ಒಂದಿತ್ತು, ಅಷ್ಟೆ.

ಅದೇ ಶತಮಾನದಲ್ಲಿ ಚಾರ್ಲ್ಸ್ ಕಿಂಗ್ಸ್ಲಿ, ಥಾಮಸ್ ಹ್ಯೂಸ್ ಮೊದಲಾದ ಗ್ರಂಥಕರ್ತರು ಕ್ರೈಸ್ತನಾದವನು ದೇಹಬಲವುಳ್ಳವನೂ ಧೈರ್ಯಶಾಲಿಯೂ ಆಗಿರಬೇಕೆಂದು ಸಾರಿದರು. ಈ ಮತದಲ್ಲಿ ಗುಣವೂ ಉಂಟು, ದೋಷವೂ ಉಂಟು. ದೇಹವನ್ನು ತಾತ್ಸಾರ ಮಾಡುವ ಭಕ್ತಿಯನ್ನು ಅದು ತಿದ್ದಿತು. ಆದರೆ ಬಲವನ್ನು ಹೊಗಳುತ್ತಾ ಹೊಗಳುತ್ತಾ, ಬಲಹೀನರನ್ನು ಆಳುವುದೇ ಗಂಡಸಿನ ಧರ್ಮವೆಂಬ ಸಾಮ್ರಾಜ್ಯದ ಅಹಂಕಾರಕ್ಕೂ ಅದು ಒತ್ತಾಸೆಯಾಯಿತು.

ಬಲವನ್ನು ಹದದಲ್ಲಿಡುವುದು ಹೇಗೆಂದು ಒಂದು ಆಟದಿಂದ ತೋರಿಸಿದವನು ಜೇಮ್ಸ್ ನೈಸ್ಮಿತ್. ಕೆನಡಾ ದೇಶದವನಾದ ಈತನು ದೇವಜ್ಞಾನಶಾಸ್ತ್ರವನ್ನು ಓದಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿದ್ದ ವೈ.ಎಂ.ಸಿ.ಎ. ಶಾಲೆಯಲ್ಲಿ ಉಪಾಧ್ಯಾಯನಾದನು. 1891ರ ಚಳಿಗಾಲದಲ್ಲಿ, ಹೊರಗೆ ಆಡಲಾಗದೆ ಕೆರಳಿದ್ದ ಹದಿನೆಂಟು ಮಂದಿ ತರುಣರಿಗೆ ಹೊಸ ಆಟವೊಂದನ್ನು ಕಲ್ಪಿಸುವ ಕೆಲಸ ಅವನ ಪಾಲಿಗೆ ಬಂತು. ಚೆಂಡು ಹಿಡಿದು ಓಡಬಾರದೆಂದು ಅವನು ನಿಯಮ ಮಾಡಿದನು. ಓಟವಿಲ್ಲದಿದ್ದರೆ ಕೆಡವಿಹಾಕುವ ಪ್ರಸಂಗವೇ ಇಲ್ಲವಷ್ಟೆ. ಹಣ್ಣಿನ ಬುಟ್ಟಿಗಳನ್ನು ಹತ್ತು ಅಡಿ ಎತ್ತರದಲ್ಲಿ ಮೊಳೆ ಹೊಡೆದು ಕಟ್ಟಿಸಿದನು. ರಭಸದಿಂದ ಎಸೆದವನ ಚೆಂಡು ಒಳಗೆ ಬೀಳದು, ಮೆಲ್ಲನೆ ಹದವರಿತು ಎಸೆದವನದೇ ಬೀಳುವುದು. ಹೀಗೆ ಹುಟ್ಟಿದ್ದು ಬ್ಯಾಸ್ಕೆಟ್‌ಬಾಲ್. 1920ರಲ್ಲಿ ಹ್ಯಾರಿ ಕ್ರೋ ಬಕ್ ಎಂಬವರು ಮದರಾಸಿನಲ್ಲಿ ವೈ.ಎಂ.ಸಿ.ಎ. ವ್ಯಾಯಾಮ ಶಿಕ್ಷಣ ಶಾಲೆಯನ್ನು ಸ್ಥಾಪಿಸಿದ ಮೇಲೆ, ಅಲ್ಲಿ ಕಲಿತ ಉಪಾಧ್ಯಾಯರು ದಕ್ಷಿಣ ದೇಶದ ಶಾಲೆಗಳಿಗೆ ಇಂಥ ಆಟಗಳನ್ನು ತಂದರು.

ಆದರೆ ಆಟದ ಬಯಲು ಮುಟ್ಟಲಾರದ ನೋವುಗಳೂ ಉಂಟು. 1935ರ ಮೇ ತಿಂಗಳಲ್ಲಿ ವಿಲಿಯಂ ವಿಲ್ಸನ್ ಎಂಬ ನ್ಯೂಯಾರ್ಕಿನ ವ್ಯಾಪಾರಿಯು ಅಮೆರಿಕದ ಆಕ್ರನ್ ಊರಿಗೆ ಬಂದಿದ್ದನು. ಕುಡಿತವನ್ನು ಬಿಟ್ಟು ಕೆಲವೇ ತಿಂಗಳಾಗಿತ್ತು. ಬಂದ ವ್ಯವಹಾರವು ಕೆಟ್ಟಿತು. ಮನಸ್ಸು ಮತ್ತೆ ಸೀಸೆಯ ಕಡೆಗೆ ಎಳೆಯಿತು. ಆಗ ಅವನು ಹುಡುಕಿದ್ದು ಉಪದೇಶಕನನ್ನಲ್ಲ, ತನ್ನಂತೆಯೇ ಕುಡಿತದಲ್ಲಿ ಬಿದ್ದಿದ್ದ ಮತ್ತೊಬ್ಬನನ್ನು. ರಾಬರ್ಟ್ ಸ್ಮಿತ್ ಎಂಬ ವೈದ್ಯನು ಕಾಲು ಗಂಟೆ ಮಾತ್ರ ಮಾತನಾಡುವೆನೆಂದು ಬಂದವನು ಗಂಟೆಗಟ್ಟಲೆ ಕುಳಿತನು. ತಪ್ಪನ್ನು ಒಬ್ಬರಿಗೊಬ್ಬರು ಒಪ್ಪಿಕೊಳ್ಳುವ ಪದ್ಧತಿಯನ್ನು ಇಬ್ಬರೂ ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಮಂಡಲಿಯಲ್ಲಿ ಕಲಿತಿದ್ದರು. ಅವರಿಂದ ಬೆಳೆದದ್ದೇ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಕೂಟ. ಅದು ಈಗ ಯಾವ ಒಂದು ಮತಕ್ಕೂ ಸೇರಿದ್ದಲ್ಲ. ನಮ್ಮ ಬೆಂಗಳೂರು, ಮಂಗಳೂರುಗಳಲ್ಲಿಯೂ ಸೇರುತ್ತದೆ. “ನನ್ನ ಕೈಯಲ್ಲಿ ಆಗುವುದಿಲ್ಲ” ಎಂದು ಬಾಯಿಬಿಟ್ಟು ಹೇಳುವುದೇ ಅಲ್ಲಿ ಮೊದಲನೆಯ ಮೆಟ್ಟಲು.

ಈ ಎಲ್ಲದರ ಮೂಲವು ಸುವಾರ್ತೆಯಲ್ಲಿಯೇ ಇದೆ. ಲಾಜರನ ಸಮಾಧಿಯ ಬಳಿ ಯೇಸುಸ್ವಾಮಿಯು ಎಲ್ಲರೆದುರಿಗೆ ಕಣ್ಣೀರು ಸುರಿಸಿದನು. ಗೆತ್ಸೇಮನೆಯ ತೋಟದಲ್ಲಿ ತನ್ನ ಮನೋವ್ಯಥೆಯನ್ನು ಮರೆಮಾಚದೆ ಪೇತ್ರ, ಯಾಕೋಬ, ಯೋಹಾನರಿಗೆ ತಿಳಿಸಿ, ತನ್ನೊಡನೆ ಎಚ್ಚರವಾಗಿರಬೇಕೆಂದು ಬೇಡಿಕೊಂಡನು. ಅವರು ನಿದ್ದೆಹೋದರು, ಆದರೂ ಅವನು ಹಿಂಜರಿಯದೆ ಶಿಲುಬೆಯ ಮರಣವನ್ನು ಎದುರಿಸಿದನು. ಧೈರ್ಯವೂ ಕಣ್ಣೀರೂ ಒಬ್ಬನಲ್ಲಿಯೇ ಇರಬಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕೆ? ಗಂಡನು ಹೆಂಡತಿಗೆ ತಲೆಯೆಂಬ ಪೌಲನ ಮಾತನ್ನು ಹಿಡಿದು ಮನೆಯಲ್ಲಿ ದರ್ಪ ನಡೆಸುವವರುಂಟು. ಎಫೆಸದವರಿಗೆ ಬರೆದ ಅದೇ ಪತ್ರಿಕೆಯು, ಕ್ರಿಸ್ತನು ಸಭೆಗಾಗಿ ತನ್ನನ್ನೇ ಒಪ್ಪಿಸಿಕೊಟ್ಟಂತೆ ಗಂಡನು ಹೆಂಡತಿಯನ್ನು ಪ್ರೀತಿಸಬೇಕೆಂದು ವಿಧಿಸುತ್ತದೆ. ಅಂಥವರು ಮೊದಲಿನ ಮಾತನ್ನು ಓದಿ ಪುಸ್ತಕವನ್ನು ಮುಚ್ಚಿಬಿಡುತ್ತಾರೆ.

ಪ್ರಾರ್ಥನೆಯು ಸಾಲವನ್ನು ತೀರಿಸುವುದಿಲ್ಲ. ವೈದ್ಯನ ಕೆಲಸವನ್ನೂ ಮಾಡುವುದಿಲ್ಲ. ಮನಸ್ಸಿನ ವ್ಯಾಧಿಗೆ ವೈದ್ಯನನ್ನು ಕಾಣಲೇಬೇಕು, ಅದರಲ್ಲಿ ಅವಮಾನವೇನೂ ಇಲ್ಲ. ಆದರೆ ದೇವರ ಮುಂದೆ ತನ್ನ ಸೋಲನ್ನು ಹೇಳಿಕೊಳ್ಳಲು ಕಲಿತವನಿಗೆ ಹೆಂಡತಿಯ ಮುಂದೆ, ಮಿತ್ರನ ಮುಂದೆ, ವೈದ್ಯನ ಮುಂದೆ ಹೇಳಿಕೊಳ್ಳುವುದು ಅಷ್ಟು ಕಷ್ಟವಾಗಲಾರದು.

ವಾಚಕರೇ, ಬಿದ್ದು ಬಂದ ಗಂಡುಮಗುವಿಗೆ “ಹೆಣ್ಣಿನಂತೆ ಅಳಬೇಡ” ಎನ್ನುವುದನ್ನು ಬಿಟ್ಟು, ಎಲ್ಲಿ ನೋವಾಯಿತೆಂದು ಕೇಳೋಣ. ಮನೆಯ ಯಜಮಾನನನ್ನೂ ಹಾಗೆಯೇ ಕೇಳೋಣ. ಮೊದಲನೆಯ ದಿನ “ಏನೂ ಇಲ್ಲ” ಎಂಬ ಉತ್ತರವೇ ಬಂದೀತು. ಬೇಸರಪಡದೆ ಮರುದಿನವೂ ಕೇಳಬೇಕು.