ಜಾಗಾ ನೀವ ಕೊಡಬೇಕ್ರಿ

ಬೆಳಗಿನ ಆರೂವರೆಗೆ ಗೋಳಗುಮ್ಮಟದ ಮೂಲೆ ಗೋಪುರದ ಮೆಟ್ಟಿಲು ಹತ್ತುತ್ತಿದ್ದೆವು. ಏಳು ಅಂತಸ್ತು. ಫೆಬ್ರುವರಿಯ ತಂಪು ಕಲ್ಲಿನಲ್ಲಿ ಇನ್ನೂ ಉಳಿದಿತ್ತು. ನನ್ನ ಏದುಸಿರು ನನಗೇ ಯಾರದೋ ಅನ್ನಿಸುವಷ್ಟು ದೊಡ್ಡದಾಗಿ ಕೇಳುತ್ತಿತ್ತು. ಸಾಲಿ ಹುಡುಗರ ಬಸ್ಸುಗಳು ಬರುವ ಮೊದಲೇ ಇಲ್ಲಿಗೆ ಬರಬೇಕು. ಅವು ಬಂದವೆಂದರೆ ಇದು ಗುಮ್ಮಟವಾಗಿ ಉಳಿಯುವುದಿಲ್ಲ, ರವಿವಾರದ ಸಂತೆಯಾಗುತ್ತದೆ.

ಮೇಲಿನ ಗ್ಯಾಲರಿಯಲ್ಲಿ ನಮ್ಮಿಬ್ಬರ ಹೊರತು ಪಾರಿವಾಳಗಳಷ್ಟೇ ಇದ್ದವು. ಅಳಿಯನನ್ನು ಎದುರು ಬದಿಗೆ ಕಳಿಸಿ ನಾನು ಈಚೆ ಗೋಡೆಗೆ ಕಿವಿ ಹಚ್ಚಿ ಕೂತೆ. ನಡುವೆ ಸುಮಾರು 38 ಮೀಟರಿನ ಬಯಲು. ಆಚೆ ಅವನು ಹೆಬ್ಬೆರಳಿನಷ್ಟು ಕಾಣುತ್ತಿದ್ದ. ಜೇಬಿನಿಂದ ಪ್ರವೇಶದ ಚೀಟಿ ತೆಗೆದು ಹರಿದ. ‘ಪರ್ರ್’ ಎಂದದ್ದು ನನ್ನ ಕಿವಿಯ ಪಕ್ಕದಲ್ಲೇ. ಆಮೇಲೆ ಗೋಡೆಗೆ ಬಾಯಿ ತಂದು ಪಿಸುಗುಟ್ಟಿದ: “ಮಾಮಾ, ನಾಷ್ಟಾ ಯಾವಾಗ?”

ಮುಹಮ್ಮದ್ ಆದಿಲ್ ಶಾಹನ ಈ ಗೋರಿ ಈಗಿನ ರೂಪಕ್ಕೆ ಬಂದದ್ದು 1656ರ ಹೊತ್ತಿಗೆ. ಅಲ್ಲಿಂದ ಇಲ್ಲಿಯವರೆಗೆ ಇದು ಎಲ್ಲರಿಗೂ ಇದೇ ಆಟ ಆಡಿಸುತ್ತ ಬಂದಿದೆ. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಗುಮ್ಮಟದಲ್ಲೂ ಹೀಗೇ ಆಗುವುದನ್ನು ನೋಡಿ ರ‍್ಯಾಲಿ ಎಂಬ ವಿಜ್ಞಾನಿ ಕಾರಣ ಹೇಳಿದ್ದ: ದುಂಡನೆಯ ಗೋಡೆ ಸಿಕ್ಕರೆ ಸದ್ದು ಬಯಲಿಗೆ ಚೆಲ್ಲುವುದಿಲ್ಲ, ಗೋಡೆಯನ್ನು ಹಿಡಿದುಕೊಂಡೇ ಸುತ್ತು ಹೊಡೆಯುತ್ತದೆ. 1920ರ ದಶಕದ ಆರಂಭದಲ್ಲಿ ಸಿ.ವಿ. ರಾಮನ್ ಇಂಥ ಗ್ಯಾಲರಿಗಳ ಬಗ್ಗೆ ಬರೆದಾಗ ನಮ್ಮ ಗುಮ್ಮಟವೂ ಅವರ ಲೆಕ್ಕದಲ್ಲಿತ್ತು. ಅಳಿಯನ ಪಿಸುಮಾತು ಅರ್ಧ ಸುತ್ತು ಬರಲು ಅರುವತ್ತು ಮೀಟರ್ ನಡೆಯಬೇಕು. ಒಂದು ಸೆಕೆಂಡಿನ ಆರನೆಯ ಒಂದು ಪಾಲು ಸಾಕು.

ಅಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು. ಅಳಿಯ ಮೊಬೈಲ್ ತೆಗೆದು ಪ್ರೀತಿಯ ಡಿಜೆ ಹಾಡೊಂದನ್ನು ಹಚ್ಚಿದ. ಮೊದಲ ಸಾಲು ಮುಗಿಯುವುದರೊಳಗೆ ಅದರ ಮರಿಗಳು ಏಳೆಂಟು ಹುಟ್ಟಿ ಒಂದನ್ನೊಂದು ತುಳಿದವು. ಡೋಲು ಯಾವುದು, ಮಾತು ಯಾವುದು ತಿಳಿಯದೆ ಎಲ್ಲ ಕಲಸಿದ ಗಂಜಿಯಾಯಿತು. ಕೆಳಗಿನಿಂದ ಕಾವಲಿನವನ ಸೀಟಿ ಕೇಳಿತು. ಆ ಸೀಟಿಗೂ ಏಳೆಂಟು ಮರಿ.

ಜಾಗ ಸದ್ದನ್ನು ಏನು ಮಾಡುತ್ತದೆ ಎಂದು ತೋರಿಸಲೆಂದೇ ಅವನನ್ನು ಇಲ್ಲಿಗೆ ಕರೆತಂದದ್ದು. ಅವನು ತಿಕೋಟಾದ ನನ್ನ ಅಕ್ಕನ ಮಗ. ಹೋದ ವರ್ಷದ ಮನೂಕದ, ಅಂದರೆ ಒಣದ್ರಾಕ್ಷಿಯ, ರೊಕ್ಕದಲ್ಲಿ ಒಂದು ಹಳೆಯ ಕಾರು ಕೊಂಡಿದ್ದಾನೆ. ಅದಕ್ಕೆ ‘ಎದಿಗೆ ಬಡಿಯೂವಂಥಾ’ ಸ್ಪೀಕರ್ ಬೇಕು. ಜೊತೆಗೆ ಬಬಲೇಶ್ವರದಲ್ಲಿರುವ ಅವನ ಆಯಿಗೆ, ಅಂದರೆ ನಮ್ಮವ್ವನಿಗೆ, ಪ್ರವಚನ ಕೇಳಲು ಮನೆಗೊಂದು ಜೋಡಿ ಬಾಕ್ಸ್.

*

ಗುಮ್ಮಟ ಇಳಿದು ಹೋದಾಗ ಅಥಣಿ ರಸ್ತೆಯ ಸ್ಪೀಕರ್ ಅಂಗಡಿ ಆಗಷ್ಟೇ ಬಾಗಿಲು ತೆರೆದಿತ್ತು. ಕಸ ಹೊಡೆದು ನೀರು ಚಿಮುಕಿಸಿದ ಮಣ್ಣಿನ ವಾಸನೆ, ಊದಿನಕಡ್ಡಿ, ಒಳಗಿನಿಂದ ಹಸಿ ಪ್ಲೈವುಡ್ಡು ಮತ್ತು ಅಂಟಿನ ಘಾಟು. ಸೀಟ್ ಕವರುಗಳ ನಡುವೆ ಒಂದು ಗೋಡೆ ತುಂಬ ಸ್ಪೀಕರುಗಳು ಕಣ್ಣು ಬಿಟ್ಟುಕೊಂಡು ಕೂತಿದ್ದವು. ಅಂಗೈಯಗಲದವು, ಮೊರದಗಲದವು, ಉದ್ದನೆಯ ತತ್ತಿಯಾಕಾರದವು. ಕಾರಿನ ಟೇಪು ಹೋಗಿ ಎಷ್ಟು ಕಾಲವಾಯಿತೋ, ನಮ್ಮ ಕಡೆ ಹಾಡುವುದೆಲ್ಲ ಇನ್ನೂ ‘ಟೇಪೇ’.

“ಯಾವುದರಾಗ ಭಾಳ ವ್ಯಾಟ್ ಅದಾವ್ರಿ?” ಅಳಿಯನ ಮೊದಲ ಪ್ರಶ್ನೆ.

ಅಂಗಡಿಯ ಮಿಸ್ತ್ರಿ ಚಹಾದ ಲೋಟ ಕೆಳಗಿಟ್ಟ. “ವ್ಯಾಟ್ ಆಮ್ಯಾಲ ನೋಡೂಣು. ನೀವು ಏನ್ ಕೇಳ್ತೀರಿ ಮೊದಲ ಅದನ್ನ ಹೇಳ್ರಿ.”

ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ 300 ವ್ಯಾಟ್ ಅಂತ ಬರೆದಿರುತ್ತದೆ. ಅದು ಸ್ಪೀಕರು ಒಂದು ಗಳಿಗೆ ತಡೆದುಕೊಳ್ಳಬಲ್ಲ ಹೊಡೆತ. ದಿನವಿಡೀ ಹೊರಬಲ್ಲ ಭಾರವನ್ನು ಆರ್‌ಎಂಎಸ್ ಅನ್ನುವ ಸಣ್ಣ ಅಕ್ಷರದ ಪಕ್ಕ ಹುಡುಕಬೇಕು. ಅಲ್ಲಿ 50 ಇದ್ದರೆ ಐವತ್ತೇ. ಅದರ ಕೆಳಗೆ ಇನ್ನೊಂದು ಅಂಕಿ ಇರುತ್ತದೆ, ಗಿರಾಕಿಗಳು ಕಣ್ಣೆತ್ತಿಯೂ ನೋಡದ್ದು: 87 ಡಿಬಿ, 90 ಡಿಬಿ. ಒಂದು ವ್ಯಾಟ್ ಕೊಟ್ಟು ಒಂದು ಮೀಟರ್ ದೂರ ನಿಂತರೆ ಎಷ್ಟು ಕೇಳುತ್ತದೆ ಎಂಬ ಲೆಕ್ಕ ಅದು. “ಎರಡೆತ್ತಿನ ಕಥಿ ನೋಡ್ರಿ ಇದು. ಒಂದು ಹಿಡಿ ಮೇವಿಗೇ ಎಳೀತೈತಿ, ಇನ್ನೊಂದಕ್ಕ ಎರಡು ಹಿಡಿ ಬೇಕು” ಅಂದ ಮಿಸ್ತ್ರಿ. ಮೂರು ಡಿಬಿ ಕಡಿಮೆಯಾದರೆ ಅಷ್ಟೇ ಸದ್ದಿಗೆ ವ್ಯಾಟು ಇಮ್ಮಡಿ ಸುರಿಯಬೇಕು. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಹೆಚ್ಚುಕಡಿಮೆ ಹತ್ತು ಪಟ್ಟು. ಕಾರಿನ ಟೇಪಿನ ಮೇಲೆ ಐವತ್ತು ಅಂತ ಬರೆದಿದ್ದರೂ ಒಳಗಿನಿಂದ ಬರುವುದು ಒಂದೊಂದು ಸ್ಪೀಕರಿಗೆ ಹದಿನೈದು, ಇಪ್ಪತ್ತು ವ್ಯಾಟ್ ಅಷ್ಟೇ. ಹೀಗಾಗಿ ಬೇರೆ ಆಂಪ್ಲಿಫೈಯರ್ ಹಾಕಿಸದವನು ಕಡಿಮೆ ಮೇವಿನ ಎತ್ತನ್ನೇ ಕೊಳ್ಳಬೇಕು.

ಅಳಿಯನ ಹಾಡನ್ನು ಮಿಸ್ತ್ರಿ ಮೂರು ಜೋಡಿಗಳಲ್ಲಿ ಹಚ್ಚಿದ. ಮೊದಲ ಜೋಡಿಯಲ್ಲಿ ಡೋಲು ಗುಂಯ್ಗುಟ್ಟಿ ಹಾಡುವವನ ಗಂಟಲನ್ನೇ ನುಂಗಿತು. ಎರಡನೆಯದರಲ್ಲಿ ತಾಳ ಹಲ್ಲಿಗೆ ತಾಕಿದಂತೆ ಚುರುಗುಟ್ಟಿತು. ಮೂರನೆಯದು ಎರಡು ತುಂಡಿನದು: ಆರೂವರೆ ಇಂಚಿನದು ಬಾಗಿಲಿಗೆ, ಸಣ್ಣ ಗುಂಡಿಯಂಥ ಟ್ವೀಟರು ಕನ್ನಡಿಯ ಹತ್ತಿರದ ಕಂಬಕ್ಕೆ. ಹಾಡುವವನು ಎದ್ದು ಬಂದು ಎದುರಿಗೆ ಕೂತಂತಾಯಿತು. ಅಳಿಯ ಬಾಯಿಬಿಟ್ಟು ಏನೂ ಹೇಳಲಿಲ್ಲ. ಬೆರಳು ಮಾತ್ರ ಗಲ್ಲೆಯ ಮೇಲೆ ತಾಳ ಹಾಕತೊಡಗಿತು.

ಆಮೇಲೆ ಮಿಸ್ತ್ರಿ ಕಾರಿನ ಹತ್ತಿರ ಬಂದು ಬಾಗಿಲಿಗೆ ಬೆರಳಿನ ಗೆಣ್ಣಿನಿಂದ ಬಡಿದ. ಸಂತೆಯಲ್ಲಿ ಕಲ್ಲಂಗಡಿ ನೋಡುವವರ ಹಾಗೆ. ‘ಟಣ್’ ಎಂದಿತು. “ಇದು ಡಬ್ಬಿ ಆತಲ್ರಿ. ಇದರಾಗ ಲಕ್ಷ ರೂಪಾಯಿದು ಹಚ್ಚಿದ್ರೂ ಡಬ್ಬೀನ ಹಾಡತೈತಿ.” ಬಾಗಿಲಿನ ಪ್ಯಾಡು ಬಿಚ್ಚಿ ತೋರಿಸಿದ. ಒಳಗಿನ ತಗಡಿನಲ್ಲಿ ದೊಡ್ಡ ದೊಡ್ಡ ತೂತುಗಳು. ಸ್ಪೀಕರಿನ ಕಾಗದ ಮುಂದಕ್ಕೆ ಗಾಳಿ ನೂಕುವಾಗ ಹಿಂದೆ ಗಾಳಿ ಎಳೆಯುತ್ತದೆ. ತೂತಿನೊಳಗಿಂದ ಆ ಹಿಂದಿನದು ಬಂದು ಮುಂದಿನದನ್ನು ಕೂಡಿದರೆ ಎರಡೂ ಹೊಡೆದು ಹೋಗಿ ಬೇಸ್ ಮಾಯ. ತೂತು ಮುಚ್ಚಿ, ತಗಡಿಗೆ ಡಾಂಬರಿನಂಥ ಶೀಟು ಒತ್ತಿ ಅಂಟಿಸಿದರೆ ಅದೇ ಬಾಗಿಲು ಪೆಟ್ಟಿಗೆಯಾಗುತ್ತದೆ. ಗೆಳೆಯನೊಬ್ಬ ಮನೆಯ ಆಂಪ್ಲಿಫೈಯರಿಗೆ ಕಾರಿನ ಸ್ಪೀಕರು ಕೂಡಿಸಿ ಸುಟ್ಟುಕೊಂಡದ್ದನ್ನು ಅಳಿಯ ಹೇಳಿದ. ಮಿಸ್ತ್ರಿ ನಕ್ಕ. ಕಾರಿನವು ಸಾಮಾನ್ಯವಾಗಿ 4 ಓಮಿನವು, ಮನೆಯವು ಹೆಚ್ಚಾಗಿ 8. ಎಂಟಕ್ಕೆ ಮಾಡಿದ ಯಂತ್ರಕ್ಕೆ ನಾಲ್ಕು ಕಟ್ಟಿದರೆ ಅದು ತಾಳಲಾರದಷ್ಟು ಕರೆಂಟು ಹರಿದು ಕಾಯುತ್ತದೆ.

ಹೊರಡುವಾಗ ಆಯಿಯ ಬಾಕ್ಸುಗಳನ್ನು ಹಿಂದಿನ ಸೀಟಿನಲ್ಲಿಟ್ಟು ಮಿಸ್ತ್ರಿ ಅಂದ: “ಬಾಕ್ಸ್ ನಾ ಕೊಟ್ಟೀನ್ರಿ. ಜಾಗಾ ನೀವ ಕೊಡಬೇಕ್ರಿ.”

*

ತಿಕೋಟಾ ವಿಜಯಪುರದಿಂದ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ದಾರಿಯಲ್ಲಿ ತೊರವಿ. ಅದರ ಹತ್ತಿರವೇ ಎರಡನೆಯ ಇಬ್ರಾಹಿಂ ಆದಿಲ್ ಶಾಹ 1599ರಲ್ಲಿ ಕಟ್ಟಲು ತೊಡಗಿದ ನವರಸಪುರ. ‘ಕಿತಾಬ್-ಎ-ನವರಸ್’ ಬರೆದ, ತನ್ನ ತಂಬೂರಿಗೆ ಮೋತಿಖಾನ್ ಅಂತ ಹೆಸರಿಟ್ಟ ದೊರೆ ಅವನು. ಅಲ್ಲಿನ ಸಂಗೀತ ಮಹಲಿನ ಎತ್ತರದ ಕಮಾನು ಇವತ್ತಿಗೂ ನಿಂತಿದೆ. ಅಪ್ಪ ಹಾಡಿಗೆಂದೇ ಒಂದು ಜಾಗ ಕಟ್ಟಿಸಿದ, ಅದು ಹಾಳುಬಿತ್ತು. ಮಗ ಮುಹಮ್ಮದ್ ತನಗೆ ಗೋರಿ ಕಟ್ಟಿಸಿಕೊಂಡ, ಅದು ಮಾತಾಡುತ್ತಿದೆ.

ತಿಕೋಟಾ ಸಮೀಪಿಸಿದಂತೆ ರಸ್ತೆಯ ಎರಡೂ ಬದಿ ದ್ರಾಕ್ಷಿ ಪಡಗಳು. ಹೆಂಗಸರು ತಲೆಗೆ ಸೆರಗು ಬಿಗಿದು ಗೊನೆ ಕೊಯ್ಯುತ್ತಿದ್ದರು. ಪಡದ ತಂತಿಗೆ ಒಂದು ಮೊಬೈಲು ನೇತುಬಿದ್ದಿತ್ತು. ಎಲೆಗಳ ನೆರಳಲ್ಲಿ, ಗಾಳಿಯಿಲ್ಲದ ಆ ಸಾಲಿನಲ್ಲಿ, ಅಷ್ಟು ಸಣ್ಣ ಸ್ಪೀಕರು ಹತ್ತು ಮಂದಿಗೆ ಸಾಕಾಗಿತ್ತು. ಆಚೆ ಮನೂಕದ ಶೆಡ್ಡು. ಹಸಿರು ಜಾಳಿಗೆಯ ನೆರಳಿನೊಳಗೆ ಒಂದರ ಮೇಲೊಂದು ಅಟ್ಟಣಿಗೆ, ಅದರ ತುಂಬ ಹಳದಿಗೆ ತಿರುಗುತ್ತಿರುವ ದ್ರಾಕ್ಷಿ. ಒಳಗೆ ಕಾಲಿಟ್ಟರೆ ಸಿಹಿ-ಹುಳಿಯ ಬಿಸಿಗಾಳಿ. ಕೆಲಸದವರ ಮಾತು ಅಲ್ಲಿ ಹತ್ತಿಯೊಳಗಿಂದ ಬಂದಂತೆ ಮೆತ್ತಗೆ ಕೇಳುತ್ತದೆ. ಅಳಿಯ ಒಮ್ಮೆ ಚಪ್ಪಾಳೆ ತಟ್ಟಿದ. ಏನೂ ತಿರುಗಿ ಬರಲಿಲ್ಲ. “ಗುಮ್ಮಟದ ವೈರಿ ಇದು” ಅಂದ. ಬೆಳಗಿನ ಪಾಠ ತಲೆಗೆ ಹತ್ತಿತ್ತು.

ಅಷ್ಟರಲ್ಲಿ ದೂರದಿಂದ ನೆಲ ನಡುಗಿಸುತ್ತ ಒಂದು ಸದ್ದು. ಎರಡು ಟ್ರಾಲಿ ಕಬ್ಬು ಹೇರಿದ ಟ್ರ್ಯಾಕ್ಟರು. ಡ್ರೈವರನ ಬೆನ್ನಿಗೆ ಬಣ್ಣದ ದೀಪ ಮಿನುಗುವ ಸ್ಪೀಕರು ಸಾಲು, ತಲೆಯ ಮೇಲೆ ಎರಡು ಹಾರ್ನು. ಎದುರಿನವರು ಕಿವಿ ಮುಚ್ಚಿಕೊಂಡು ದಾರಿ ಬಿಟ್ಟರು. ಚಹಾದಂಗಡಿಯ ಮುಂದೆ ಅವನು ನಿಲ್ಲಿಸಿದಾಗ ಅಳಿಯ ಕೇಳಿಯೇಬಿಟ್ಟ: “ಯಾಕಣ್ಣಾ ಇಷ್ಟ ಜೋರ?”

ಅವನು ಕಿವಿಯ ಹತ್ತಿರ ಕೈಯಿಟ್ಟು ಮತ್ತೊಮ್ಮೆ ಕೇಳಿಸಿಕೊಂಡ. “ರಾತ್ರಿಯೆಲ್ಲಾ ಫ್ಯಾಕ್ಟರಿ ಮುಂದ ಪಾಳಿ ಹಚ್ಚಿರತೀವಿ. ನಿದ್ದಿ ಹತ್ತಬಾರದಲ್ಲ ತಮ್ಮಾ.”

ಅವನ ಕಷ್ಟ ಸುಳ್ಳಲ್ಲ. ಎಂಜಿನ್ನಿನ ಗದ್ದಲವನ್ನು ದಾಟಿ ಹಾಡು ಕೇಳಬೇಕು, ಗೋಡೆಯಿಲ್ಲ, ಮಾಡಿಲ್ಲ, ಬಯಲು. ಆದರೆ ಕಿವಿಗೆ ಅದರದೇ ಲೆಕ್ಕವಿದೆ. 85 ಡೆಸಿಬಲ್ ಸದ್ದನ್ನು ದಿನಕ್ಕೆ ಎಂಟು ತಾಸು ತಾಳಬಹುದು ಅನ್ನುತ್ತಾರೆ ತಜ್ಞರು. ಅದರ ಮೇಲೆ ಮೂರು ಮೂರು ಏರಿದಂತೆ ತಾಸು ಅರ್ಧರ್ಧ ಇಳಿಯುತ್ತದೆ. ನೂರಕ್ಕೆ ಬಂದರೆ ಉಳಿಯುವುದು ಕಾಲು ತಾಸು. ಅಂಗಡಿಯಲ್ಲಿ ವ್ಯಾಟನ್ನು ಇಮ್ಮಡಿಸಿದ ಅದೇ ಮೂರು ಡಿಬಿ ಇಲ್ಲಿ ಕಿವಿ ತಾಳುವ ಹೊತ್ತನ್ನು ಅರ್ಧ ಮಾಡುತ್ತದೆ. ಹಿಂದೆ ಬರುವ ಬಸ್ಸಿನ ಹಾರನ್ನು ಅವನಿಗೆ ಹೇಗೆ ಕೇಳಿಸಬೇಕು? ಅಳಿಯ ಕಾರಿಗೆ ಬಂದು ಕೂತವನು ಬಹಳ ಹೊತ್ತು ಏನನ್ನೂ ಹಚ್ಚಲಿಲ್ಲ.

*

ಬಬಲೇಶ್ವರ ಮುಟ್ಟಿದಾಗ ಇಳಿಹೊತ್ತು. ಎರೆಹೊಲಗಳಲ್ಲಿ ಬಿಳಿಜೋಳ ತೆನೆ ಬಾಗಿಸಿ ನಿಂತಿತ್ತು. ನಮ್ಮದು ಹಳೆಯ ಮಾಳಿಗೆ ಮನೆ. ಮೊಳಕ್ಕಿಂತ ದಪ್ಪ ಗೋಡೆ, ಮಣ್ಣಿನ ಮೇಲ್ಮುದ್ದೆ, ಪಡಸಾಲೆಯ ಮೂಲೆಯಲ್ಲಿ ಜೋಳದ ಚೀಲದ ಒಟ್ಟಿಲು, ಅದರ ಮೇಲೆ ಕೌದಿಗಳ ಒಟ್ಟಿಲು. ಅಲ್ಲಿ ಮಾತಾಡಿದರೆ ಮಾತು ಮಾತಿನಷ್ಟೇ ಇರುತ್ತದೆ. ಹಿಂದೆ ಹೊಸದಾಗಿ ಕಟ್ಟಿಸಿದ ಆರ್‌ಸಿಸಿ ಖೋಲಿಯಲ್ಲಿ ಫಳಫಳ ಟೈಲ್ಸು, ನುಣುಪು ಪುಟ್ಟಿಯ ಗೋಡೆ, ಗಾಜಿನ ಕಿಡಕಿ. ಅಲ್ಲಿ ಚಮಚೆ ಬಿದ್ದರೆ ತಾಟು ಬಿದ್ದಂತೆ.

ಅಳಿಯ ಬಾಕ್ಸುಗಳನ್ನು ಆ ಹೊಸ ಖೋಲಿಯ ಎರಡು ಮೂಲೆಗೆ ಒತ್ತಿಟ್ಟು ಪ್ರವಚನ ಹಚ್ಚಿದ. ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ದನಿ. ಇದೇ ತಿಕೋಟಾ ಸೀಮೆಯ ಬಿಜ್ಜರಗಿಯಲ್ಲಿ ಹುಟ್ಟಿ, 2023ರ ಜನವರಿ 2ರಂದು ವಿಜಯಪುರದಲ್ಲಿ ತೀರಿಕೊಂಡ ಹಿರಿಯರು. ದನಿ ಏರಿಸದೆ ಮಾತಾಡುತ್ತಿದ್ದವರು. ಹಾರ್ನ್ ಸ್ಪೀಕರುಗಳು ಅವರ ದನಿಯನ್ನು ಬಯಲು ತುಂಬ ಕೂತ ಜನಕ್ಕೆ ಮುಟ್ಟಿಸುತ್ತಿದ್ದವು. ಹಾರ್ನಿಗೆ ಬೇಸ್ ಬರುವುದಿಲ್ಲ, ಮಾತಿನ ನಡುದನಿಯನ್ನು ಮಾತ್ರ ದೂರಕ್ಕೆ ಒಯ್ಯುತ್ತದೆ. ಬಯಲಿನ ಮಾತಿಗೆ ಅದೇ ಸರಿ. ಖೋಲಿಯಲ್ಲಿ ಆದದ್ದೇ ಬೇರೆ. ಸ್ವಾಮೀಜಿ ಹಗೇವಿನೊಳಗಿಂದ ಮಾತಾಡುತ್ತಿದ್ದಾರೆ ಅನ್ನಿಸಿತು.

“ಅವರ ದನಿ ಹಿಂಗ ಇರಲಿಲ್ಲೋ ತಮ್ಮಾ” ಅಂದಳು ಅವ್ವ.

ಹನ್ನೆರಡಡಿ ಖೋಲಿಯಲ್ಲಿ ಗೋಡೆಗೆ ಬಡಿದ ಸದ್ದು ಗುಮ್ಮಟದ ಹಾಗೆ ತಡವಾಗಿ, ಬೇರೆಯಾಗಿ ಬರುವುದಿಲ್ಲ. ಮೂಲ ಮಾತಿನ ಬಾಲ ಹಿಡಿದೇ ಬಂದು ಅಕ್ಷರಗಳನ್ನು ಕಲಸುತ್ತದೆ. ಮೂಲೆ ಸೇರಿದ ಬಾಕ್ಸು ಇಲ್ಲದ ಬೇಸನ್ನೂ ಉಬ್ಬಿಸುತ್ತದೆ. ನಾವು ಬಾಕ್ಸುಗಳನ್ನು ಗೋಡೆಯಿಂದ ಒಂದೂವರೆ ಅಡಿ ಮುಂದೆ ತಂದೆವು. ಅವ್ವ ಕೂರುವ ಮಂಚಕ್ಕೂ ಎರಡು ಬಾಕ್ಸಿಗೂ ಮೂರು ಕಡೆ ಒಂದೇ ಅಂತರ ಬರುವಂತೆ ಅಳಿಯ ಗೇಣು ಹಾಕಿ ಅಳೆದ. ಕಾಳಿನ ಡಬ್ಬಿಗಳ ಮೇಲೆ ಏರಿಸಿ ಟ್ವೀಟರನ್ನು ಅವಳ ಕಿವಿಯ ಎತ್ತರಕ್ಕೆ ಸರಿಮಾಡಿದ. ಟೈಲ್ಸಿನ ಮೇಲೆ ಜಮಖಾನ ಹಾಸಿದ. ಆಮೇಲೆ ಪಡಸಾಲೆಯಿಂದ ಎರಡು ಕೌದಿ ಹೊತ್ತು ತಂದು ಮೊಳೆ ಹೊಡೆದು ಮಂಚದ ಹಿಂದಿನ ಗೋಡೆಗೆ ತೂಗುಬಿಟ್ಟ. ಹಳೆಯ ಸೀರೆಗಳನ್ನು ಪದರು ಪದರು ಕೂಡಿಸಿ ಅವ್ವ ತಾನೇ ಹೊಲಿದ ಕೌದಿಗಳು.

“ಏನ್ ಮಾಡ್ತೀಯೋ? ಗ್ವಾಡಿಗೇನ ಥಂಡಿ ಹತ್ತೇತೇನ?”

“ತಡೀ ಆಯಿ, ಒಂದ ಮಿನಿಟ್.”

ಮತ್ತೆ ಹಚ್ಚಿದ. ದನಿ ಕಡಿಮೆ ಇಟ್ಟಿದ್ದ, ಎದುರು ಕೂತವರು ಮಾತಾಡುವಷ್ಟು. ಮಾತು ಬಂತು, ನಿಂತಿತು. ಅವರು ಮಾತಿನ ನಡುವೆ ಬಿಡುವ ಆ ಬಿಡುವು ಈಗ ಖಾಲಿಯಾಗಿಯೇ ಉಳಿಯಿತು. ಅದರೊಳಗೆ ಏನೂ ಗುಂಯ್ಗುಡಲಿಲ್ಲ. ಅವ್ವ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ಕೌದಿಯ ಹೊಲಿಗೆ ಅವಳ ಬೆನ್ನಿಗೆ ತಾಕುತ್ತಿತ್ತು.

ಸ್ವಲ್ಪ ಹೊತ್ತಿನ ಮೇಲೆ ತಟ್ಟನೆ ಕಣ್ಣು ತೆರೆದು ಬಾಗಿಲ ಕಡೆ ನೋಡಿದಳು.

“ಯಾರದೋ ಕೂಸು ಅಳಾಕ ಹತ್ತೇತಿ, ನೋಡ್ರೋ.”

ಅಳಿಯ ಎದ್ದು ಹೊರಗೆ ಹೋಗಿ ನೋಡಿ ಬಂದ. ಓಣಿಯಲ್ಲಿ ಯಾರೂ ಇರಲಿಲ್ಲ. ಪ್ರವಚನವನ್ನು ಸ್ವಲ್ಪ ಹಿಂದಕ್ಕೆ ಸರಿಸಿ ಮತ್ತೆ ಹಚ್ಚಿದ. ಸ್ವಾಮೀಜಿಯವರ ಮಾತು ನಿಂತಲ್ಲಿ, ಯಾವ ಊರಿನ ಬಯಲೋ, ಯಾವ ವರ್ಷವೋ, ಕೂತ ಜನರ ಹಿಂದೆಲ್ಲೋ ಒಂದು ಕೂಸು ಅಳುತ್ತಿತ್ತು. ಅದರ ತಾಯಿ ಶ್ಶ್ ಅನ್ನುವುದೂ ಕೇಳಿತು.