ಒಲೆ ದಾಟಿದ ಬೆಂಕಿ

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ ಎಂಬ ಗಾದೆ ನಮ್ಮಲ್ಲಿ ಪ್ರಚಾರದಲ್ಲಿದೆ. ಮುನ್ನೆಚ್ಚರಿಕೆಯ ಮಹತ್ವವನ್ನು ಅದು ಚೆನ್ನಾಗಿ ಸಾರುತ್ತದೆ. ಆದರೆ ಎಲ್ಲ ಬೆಂಕಿಗೂ ನೀರೇ ಮದ್ದೆಂಬ ನಂಬಿಕೆಯೂ ಆ ಮಾತಿನ ಹಿಂದೆ ಅಡಗಿದೆ. ಬಾವಿಯನ್ನು ಮೊದಲೇ ತೋಡಿಟ್ಟು ನೀರು ಕೈಗೆ ಸಿದ್ಧವಾಗಿದ್ದರೂ, ಅದನ್ನು ಸುರಿಯುವುದರಿಂದಲೇ ಪ್ರಾಣಾಪಾಯವೊದಗುವ ಬೆಂಕಿಗಳುಂಟು. ಅವು ಯಾವುವು, ಹಾಗೇಕೆ ಆಗುತ್ತದೆ ಎಂಬುದನ್ನು ತಿಳಿಯಲು ಬೆಂಕಿಯ ಸ್ವರೂಪವನ್ನೇ ಮೊದಲು ವಿಚಾರ ಮಾಡೋಣ.

ಬೆಂಕಿಯೆಂಬುದು ಒಂದು ವಸ್ತುವಲ್ಲ, ಒಂದು ಕ್ರಿಯೆ. ಉರಿಯುವ ಪದಾರ್ಥವು ಗಾಳಿಯ ಆಮ್ಲಜನಕದೊಡನೆ ವೇಗವಾಗಿ ಸಂಯೋಗ ಹೊಂದುವುದೇ ದಹನವೆಂದು ಫ್ರಾನ್ಸಿನ ಲವಾಸಿಯೇ ಹದಿನೆಂಟನೆಯ ಶತಮಾನದಲ್ಲಿ ತೋರಿಸಿಕೊಟ್ಟನು. ಗಾಳಿಯಲ್ಲಿ ಆಮ್ಲಜನಕವು ನೂರಕ್ಕೆ ಸುಮಾರು ೨೧ ಭಾಗವಿದೆ. ಇಷ್ಟಿದ್ದರೂ ಕಟ್ಟಿಗೆ ತಾನಾಗಿ ಹತ್ತಿಕೊಳ್ಳದು. ಅದರಿಂದ ಉರಿಯುವ ಅನಿಲಗಳು ಹೊರಡುವಷ್ಟು ಕಾವು ಬೇಕು. ಉರುವಲು, ಆಮ್ಲಜನಕ, ಕಾವು—ಈ ಮೂರೂ ಕೂಡಿದಲ್ಲಿ ಬೆಂಕಿ ಹುಟ್ಟುತ್ತದೆ. ಇವುಗಳಲ್ಲಿ ಒಂದನ್ನು ತಪ್ಪಿಸಿದರೆ ಅದು ಆರಲೇಬೇಕು. ಕಟ್ಟಿಗೆ, ಕಾಗದ, ಬಟ್ಟೆಗಳ ಬೆಂಕಿಗೆ ನೀರು ಹಾಕಿದಾಗ ನೀರು ಕಾವನ್ನು ಹೀರಿಕೊಳ್ಳುತ್ತದೆ; ಉರಿ ಆರುತ್ತದೆ.

ಬಾಣಲೆಯ ಎಣ್ಣೆಯ ವಿಷಯ ಬೇರೆ. ಎಣ್ಣೆಯನ್ನು ಒಲೆಯ ಮೇಲಿಟ್ಟು ಮರೆತರೆ ಮೊದಲು ಹೊಗೆಯಾಡುತ್ತದೆ. ಕಾವು ಸುಮಾರು ೩೫೦ ಡಿಗ್ರಿ ಸೆಂಟಿಗ್ರೇಡನ್ನು ಮೀರಿದರೆ ಕಿಡಿ ಸೋಕದಿದ್ದರೂ ಹತ್ತಿಕೊಳ್ಳಬಲ್ಲದು. ನೀರು ಕುದಿಯುವುದು ೧೦೦ ಡಿಗ್ರಿಯಲ್ಲಿ. ಎಣ್ಣೆಗಿಂತ ಭಾರವಾದ ನೀರು ತಳಕ್ಕಿಳಿದು ಕ್ಷಣಮಾತ್ರದಲ್ಲಿ ಆವಿಯಾಗುತ್ತದೆ. ಒಂದು ಲೋಟ ನೀರು ಸುಮಾರು ೧,೭೦೦ ಲೋಟದಷ್ಟು ಆವಿಯಾಗಿ ಹಿಗ್ಗುವಾಗ ಉರಿಯುವ ಎಣ್ಣೆಯನ್ನು ಹನಿಹನಿಯಾಗಿ ಮೇಲಕ್ಕೆಸೆಯುತ್ತದೆ. ಬಾಣಲೆಯಲ್ಲಿದ್ದ ಬೆಂಕಿ ಸೂರಿಗೇರುತ್ತದೆ. ಎದುರಿಗಿದ್ದವರ ಮುಖ, ಕೈಗಳು ಸುಡುತ್ತವೆ. ಇಲ್ಲಿ ತಪ್ಪಿಸಬೇಕಾದುದು ಆಮ್ಲಜನಕವನ್ನು. ಬಾಣಲೆಯನ್ನು ಎತ್ತದೆ, ಅಲುಗಿಸದೆ, ಅಗಲವಾದ ಲೋಹದ ಮುಚ್ಚಳವನ್ನು ಬದಿಯಿಂದ ಸರಿಸಿ ಮುಚ್ಚಬೇಕು. ಕೈಗೆಟುಕಿದರೆ ಒಲೆಯನ್ನು ಆರಿಸಬೇಕು. ತಣ್ಣಗಾಗುವವರೆಗೆ ಮುಚ್ಚಳವನ್ನು ತೆಗೆಯಕೂಡದು. ಗಾಳಿ ಮತ್ತೆ ಒಳಹೊಕ್ಕರೆ ಉರಿ ಮರಳಿ ಏಳುವುದು. ಕರಿಯುವಾಗ ತಕ್ಕ ಮುಚ್ಚಳವೊಂದನ್ನು ಪಕ್ಕದಲ್ಲಿಟ್ಟುಕೊಳ್ಳುವುದು ವೆಚ್ಚವಿಲ್ಲದ ಉಪಾಯ.

ಇನ್ನು ಅಡುಗೆ ಅನಿಲ. ಮನೆಗೆ ಬರುವ ೧೪.೨ ಕಿಲೋಗ್ರಾಂ ಸಿಲಿಂಡರಿನಲ್ಲಿ ಪ್ರೊಪೇನ್ ಮತ್ತು ಬ್ಯೂಟೇನ್ ಅನಿಲಗಳು ಒತ್ತಡದಿಂದ ದ್ರವವಾಗಿರುತ್ತವೆ. ಇವಕ್ಕೆ ಸ್ವಂತ ವಾಸನೆಯಿಲ್ಲ. ಸೋರಿಕೆ ಮೂಗಿಗೆ ಬೇಗ ತಿಳಿಯಲೆಂದೇ ಮರ್ಕ್ಯಾಪ್ಟನ್ ಎಂಬ ದುರ್ಗಂಧದ ರಾಸಾಯನಿಕವನ್ನು ಬೆರೆಸಿರುತ್ತಾರೆ. ಈ ಅನಿಲ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಆದುದರಿಂದ ಅದು ಮೇಲಕ್ಕೆ ಹೋಗದೆ ನೆಲದ ಮೇಲೆ ಹರಡಿ ಮೂಲೆಗಳಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ನೂರಕ್ಕೆ ಸುಮಾರು ಎರಡು ಭಾಗ ಸೇರಿದರೂ ಒಂದು ಕಿಡಿಗೆ ಸ್ಫೋಟಿಸಬಲ್ಲದು. ವಿದ್ಯುದ್ದೀಪದ ಗುಂಡಿಯನ್ನು ಒತ್ತುವಾಗ, ಆರಿಸುವಾಗಲೂ ಸಹ, ಅಂಥ ಕಿಡಿ ಹುಟ್ಟುವುದುಂಟು. ಆದಕಾರಣ ವಾಸನೆ ಬಂದೊಡನೆ ದೀಪ ಹಾಕಬಾರದು, ಫ್ಯಾನು ತಿರುಗಿಸಬಾರದು. ಒಲೆಯನ್ನೂ ರೆಗ್ಯುಲೇಟರನ್ನೂ ಮುಚ್ಚಿ, ಬಾಗಿಲು ಕಿಟಕಿಗಳನ್ನು ತೆರೆದು, ಎಲ್ಲರೂ ಹೊರಗೆ ಹೋಗಿ, ಅಲ್ಲಿಂದಲೇ ೧೯೦೬ ಸಂಖ್ಯೆಗೆ ಕರೆಮಾಡಬೇಕು. ರಬ್ಬರ್ ನಳಿಗೆಯಲ್ಲಿ ಬಿರುಕು ಕಂಡರೆ ಬದಲಿಸಬೇಕು. ಸೋರಿಕೆಯ ಪರೀಕ್ಷೆಗೆ ಸಾಬೂನಿನ ನೊರೆಯೇ ಸಾಕು. ಗುಳ್ಳೆ ಎದ್ದಲ್ಲಿ ಸೋರಿಕೆಯಿದೆ. ಬೆಂಕಿಕಡ್ಡಿಯಿಂದ ಪರೀಕ್ಷಿಸುವುದು ಆತ್ಮಘಾತುಕವಾದುದು.

ಮೂರನೆಯದು ಕಣ್ಣಿಗೆ ಕಾಣದಂತೆ ಗೋಡೆಯೊಳಗೆ ಬೆಳೆಯುವ ಅಪಾಯ. ತಂತಿಯಲ್ಲಿ ಹುಟ್ಟುವ ಕಾವು ವಿದ್ಯುತ್ಪ್ರವಾಹದ ವರ್ಗಕ್ಕೆ ಅನುಗುಣವಾದುದೆಂದು ಇಂಗ್ಲೆಂಡಿನ ಜೂಲ್ ೧೮೪೦ರ ಸುಮಾರಿನಲ್ಲಿ ಕಂಡುಕೊಂಡನು. ಪ್ರವಾಹ ಇಮ್ಮಡಿಯಾದರೆ ಕಾವು ನಾಲ್ಮಡಿಯಾಗುತ್ತದೆ. ಒಂದೇ ಸಾಕೆಟ್ಟಿಗೆ ನೀರು ಕಾಯಿಸುವ ಉಪಕರಣ, ಇಸ್ತ್ರಿಪೆಟ್ಟಿಗೆ ಮುಂತಾದುವನ್ನು ಒಟ್ಟಿಗೆ ಜೋಡಿಸಿದರೆ ತಂತಿಯ ಹೊದಿಕೆ ಕರಗುವುದಕ್ಕೆ ಕಾರಣ ಇದೇ. ಫ್ಯೂಸು ಪದೇ ಪದೇ ಹೋಗುವುದು ಕಾಟವಲ್ಲ, ಎಚ್ಚರಿಕೆ. ಅದರ ಬದಲು ದಪ್ಪ ತಂತಿಯನ್ನು ಸುತ್ತುವವನು ಕಾವಲುಗಾರನ ಬಾಯಿ ಕಟ್ಟಿದಂತಾಗುತ್ತದೆ. ವಿದ್ಯುತ್ತಿನಿಂದ ಬೆಂಕಿ ಹೊತ್ತಿದರೆ ಮೊದಲು ಮೇನ್ ಸ್ವಿಚ್ಚನ್ನು ಆರಿಸಬೇಕು. ಅದಕ್ಕೆ ಮುಂಚೆ ನೀರು ಹಾಕಿದರೆ ಹಾಕಿದವರಿಗೇ ಆಘಾತವಾದೀತು.

ಉರಿ ಕೈಮೀರಿತೆಂದು ಕಂಡಾಗ ಹೋರಾಟ ಸಲ್ಲದು. ಜ್ವಾಲೆಗಿಂತ ಹೊಗೆಯೇ ಹೆಚ್ಚು ಮೋಸಗಾರ. ಅದರಲ್ಲಿರುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್ನನ್ನು ಅದು ಆಮ್ಲಜನಕಕ್ಕಿಂತ ೨೦೦ ಪಟ್ಟಿಗೂ ಮೀರಿದ ಬಲದಿಂದ ಹಿಡಿದುಕೊಳ್ಳುತ್ತದೆ. ಬಿಸಿಯಾದ ಹೊಗೆ ಮೇಲೆ ಸೇರುವುದರಿಂದ ನೆಲದ ಬಳಿ ಗಾಳಿ ತಕ್ಕಮಟ್ಟಿಗೆ ಶುದ್ಧವಾಗಿರುತ್ತದೆ; ಬಾಗಿ, ತೆವಳಿ ಹೊರಬರಬೇಕು. ಹಿಂದೆ ಬಾಗಿಲು ಮುಚ್ಚಿದರೆ ಬೆಂಕಿಗೆ ಗಾಳಿ ಕಡಿಮೆಯಾಗುವುದು. ಹೊರಬಂದು ೧೦೧ ಅಥವಾ ೧೧೨ಕ್ಕೆ ತಿಳಿಸಬೇಕು. ಒಡವೆಗಾಗಿ, ಕಾಗದಪತ್ರಗಳಿಗಾಗಿ ಯಾರೂ ಮರಳಿ ಒಳಗೆ ಹೋಗಬಾರದು.

ಉಟ್ಟ ಬಟ್ಟೆಗೆ ಬೆಂಕಿ ತಗುಲಿದವರು ಓಡಿದಷ್ಟೂ ಗಾಳಿ ಹೆಚ್ಚಾಗಿ ಉರಿ ಬೆಳೆಯುತ್ತದೆ. ನೆಲಕ್ಕೆ ಬಿದ್ದು ಹೊರಳಬೇಕು, ಇಲ್ಲವೆ ದಪ್ಪ ಕಂಬಳಿಯನ್ನು ಸುತ್ತಬೇಕು. ಸುಟ್ಟ ಭಾಗದ ಮೇಲೆ ತಣ್ಣೀರನ್ನು ಇಪ್ಪತ್ತು ನಿಮಿಷ ಹರಿಯಬಿಡಬೇಕು. ಬಾವು ಬರುವ ಮೊದಲೇ ಬಳೆ, ಉಂಗುರಗಳನ್ನು ತೆಗೆಯಬೇಕು. ತುಪ್ಪ, ಶಾಯಿ, ಹಲ್ಲುಜ್ಜುವ ಪೇಸ್ಟು ಇವನ್ನು ಹಚ್ಚುವ ರೂಢಿ ಹಾನಿಕರ. ಅಂಟಿಕೊಂಡ ಬಟ್ಟೆಯನ್ನು ಕೀಳದೆ, ಶುಭ್ರವಾದ ಬಟ್ಟೆ ಹೊದಿಸಿ ಆಸ್ಪತ್ರೆಗೆ ಸಾಗಿಸಬೇಕು.

ಈ ತಿಳಿವು ಮನೆಯ ಯಜಮಾನನೊಬ್ಬನಿಗಿದ್ದರೆ ಸಾಲದು. ಬೆಂಕಿ ಹತ್ತುವ ಹೊತ್ತಿಗೆ ಒಲೆಯ ಮುಂದೆ ಇರುವವರು ಸೊಸೆಯೋ ಅಜ್ಜಿಯೋ ಶಾಲೆಯಿಂದ ಬಂದ ಹುಡುಗನೋ ಆಗಿರಬಹುದು. ರೆಗ್ಯುಲೇಟರು ಯಾವ ಕಡೆ ತಿರುಗುತ್ತದೆ, ಮೇನ್ ಸ್ವಿಚ್ಚು ಎಲ್ಲಿದೆ ಎಂಬುದನ್ನು ಅವರಿಗೆ ಇಂದೇ ತೋರಿಸಿಕೊಡೋಣ.