ಸಂಘದ ಹೆಸರಿನಲ್ಲಿ ಬರುವ ಇ-ಮೇಲ್ ಸಂಘದ್ದೇ ಏನು?

ಅಡಿಕೆ ಚೀಲದ ಮೇಲೆ ಬೆಳೆಗಾರನ ಮಾರ್ಕು ಬರೆಯಲು ಬಣ್ಣ ಮತ್ತು ಕುಂಚ ಇದ್ದವರಿಗೆಲ್ಲ ಸಾಧ್ಯ. ಮಾರ್ಕು ನಮ್ಮದಾದ ಮಾತ್ರಕ್ಕೆ ಒಳಗಿನ ಮಾಲು ನಮ್ಮದಾಗುವುದಿಲ್ಲ. ಇ-ಮೇಲ್ ವಿಷಯವೂ ಇದೇ. 1982ರಲ್ಲಿ ಇ-ಮೇಲ್ ರವಾನೆಯ ನಿಯಮಗಳನ್ನು ರೂಪಿಸಿದಾಗ, ಕಳುಹಿಸಿದವರ ಹೆಸರು ನಿಜವೇ ಎಂದು ಪರೀಕ್ಷಿಸುವ ಏರ್ಪಾಡನ್ನು ಅವುಗಳಲ್ಲಿ ಸೇರಿಸಿರಲಿಲ್ಲ. ಆದುದರಿಂದ ರಕ್ಷಣೆ ಇಲ್ಲದ ಸಂಘದ ವಿಳಾಸವನ್ನು ಯಾರು ಬೇಕಾದರೂ ನಮೂದಿಸಿ ಪತ್ರ ಕಳುಹಿಸಬಹುದು.

"ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಗೊಬ್ಬರದ ಹಣವನ್ನು ಹೊಸ ಖಾತೆಗೆ ಕಟ್ಟಿರಿ" ಎಂಬ ಒಂದು ಸಾಲು ಸಾಕು, ವರ್ಷದ ದುಡಿಮೆ ಕಳ್ಳರ ಪಾಲಾಗಲು. ಇದರ ಜೊತೆಗೆ ಇನ್ನೊಂದು ನಷ್ಟವೂ ಇದೆ. ಸಂಘದ ನಿಜವಾದ ಪತ್ರವೇ ಸಂಶಯಕ್ಕೆ ಒಳಗಾಗಿ ಸ್ಪ್ಯಾಮ್ ಪೆಟ್ಟಿಗೆ ಸೇರುತ್ತದೆ. ಸದಸ್ಯರಿಗೆ ಧಾರಣೆಯ ಸೂಚನೆ ತಲುಪುವುದೇ ಇಲ್ಲ.

ಈ ಎರಡಕ್ಕೂ ಮದ್ದಾಗಿ ಮೂರು ಏರ್ಪಾಡುಗಳಿವೆ. ಇವು ಸ್ವಂತ ಡೊಮೈನ್ ಹೆಸರು ಉಳ್ಳ ಸಂಘಗಳಿಗೂ, ಸ್ವಂತ ಹೆಸರಿನಲ್ಲಿ ಕಾಫಿಪುಡಿ ಮಾರುವ ಅಥವಾ ಹೋಂಸ್ಟೇ ನಡೆಸುವ ಸದಸ್ಯರಿಗೂ ಅವಶ್ಯ. ಜಿಮೇಲ್ ವಿಳಾಸದಿಂದಲೇ ಪತ್ರ ಬರೆಯುವವರ ಪರವಾಗಿ ಗೂಗಲ್ ಸಂಸ್ಥೆಯೇ ಈ ಕೆಲಸ ಮಾಡಿರುತ್ತದೆ.

ಮೂರನ್ನೂ ಬರೆಯುವುದು ಡಿಎನ್‌ಎಸ್ ಎಂಬ ದಾಖಲೆಯಲ್ಲಿ. ಇದು ಪಹಣಿಯಂತೆ: ಓದಲು ಎಲ್ಲರಿಗೂ ಅವಕಾಶ, ತಿದ್ದಲು ಅಧಿಕಾರ ಉಳ್ಳವರಿಗೆ ಮಾತ್ರ.

ಒಂದನೆಯದು ಎಸ್‌ಪಿಎಫ್. ನಮ್ಮ ಹೆಸರಿನಲ್ಲಿ ಪತ್ರ ಸಾಗಿಸಲು ಯಾವ ಸರ್ವರ್‌ಗಳಿಗೆ ಒಪ್ಪಿಗೆ ಇದೆ ಎಂಬ ಪಟ್ಟಿ. ಗೋದಾಮಿನ ಗೇಟಿನಲ್ಲಿ ಇಡುವ ಲಾರಿ ನಂಬರುಗಳ ಪಟ್ಟಿಯಂತೆ ಎನ್ನಬಹುದು. ಒಂದು ಡೊಮೈನಿಗೆ ಇಂಥ ಒಂದೇ ದಾಖಲೆ ಇರತಕ್ಕದ್ದು. ಎರಡಿದ್ದರೆ ಎರಡೂ ನಿಷ್ಫಲ.

ಎರಡನೆಯದು ಡಿಕಿಮ್. ಇದು ಚೀಲದ ಬಾಯಿಗೆ ಹಾಕುವ ಮೊಹರು. ಕಳುಹಿಸುವ ಸರ್ವರ್ ತನ್ನಲ್ಲಿರುವ ಗುಪ್ತ ಕೀಲಿಯಿಂದ ಪತ್ರಕ್ಕೆ ಸಹಿ ಹಾಕುತ್ತದೆ. ಪಡೆಯುವವರ ಸರ್ವರ್ ಡಿಎನ್‌ಎಸ್‌ನಲ್ಲಿ ಪ್ರಕಟವಾದ ಇನ್ನೊಂದು ಕೀಲಿಯಿಂದ ಅದನ್ನು ತಾಳೆ ನೋಡುತ್ತದೆ. ದಾರಿಯಲ್ಲಿ ಯಾರಾದರೂ ಖಾತೆ ಸಂಖ್ಯೆ ತಿದ್ದಿದ್ದರೆ ಮೊಹರು ತಾಳೆಯಾಗುವುದಿಲ್ಲ.

ಮೂರನೆಯದು ಡಿಮಾರ್ಕ್. 2012ರಲ್ಲಿ ಪ್ರಕಟವಾದ ಈ ಪದ್ಧತಿಯಲ್ಲಿ, ಓದುಗರಿಗೆ ಕಾಣುವ ಹೆಸರು ಮೇಲಿನ ಎರಡರಲ್ಲಿ ಒಂದರೊಡನೆಯಾದರೂ ಹೊಂದಬೇಕು. ಹೊಂದದಿದ್ದರೆ ಏನು ಮಾಡಬೇಕೆಂಬುದನ್ನು ನಾವೇ ಸೂಚಿಸಬಹುದು: ಸುಮ್ಮನೆ ಬಿಡುವುದು, ಸ್ಪ್ಯಾಮ್‌ಗೆ ಹಾಕುವುದು, ಇಲ್ಲವೆ ತಿರಸ್ಕರಿಸುವುದು. ನಮ್ಮ ಹೆಸರನ್ನು ಯಾವ ಯಾವ ಸರ್ವರ್‌ಗಳು ಬಳಸಿದವೆಂಬ ವರದಿಯೂ ನಮಗೆ ಬರುತ್ತದೆ.

ಅವಸರ ಸಲ್ಲದು. ಮೊದಲ ದಿನವೇ ತಿರಸ್ಕರಿಸುವ ಸೂಚನೆ ಕೊಟ್ಟರೆ ನಮ್ಮ ಪತ್ರಗಳೇ ನಿಂತುಹೋಗಬಹುದು. ಬಿಲ್ಲು ಕಳುಹಿಸುವ ತಂತ್ರಾಂಶದ ಕಂಪನಿಯನ್ನು ಪಟ್ಟಿಗೆ ಸೇರಿಸಲು ಮರೆಯುವುದು ಸಾಮಾನ್ಯ. ಆದುದರಿಂದ ಮೊದಲು ಸುಮ್ಮನೆ ಬಿಡುವ ಸೂಚನೆ ಇಟ್ಟು, ಕೆಲವು ವಾರ ವರದಿ ಓದಿ, ಬಿಟ್ಟುಹೋದುದನ್ನು ಸೇರಿಸಿ, ಅನಂತರ ಒಂದೊಂದೇ ಹಂತ ಬಿಗಿಗೊಳಿಸಬೇಕು. ಬಟವಾಡೆಯ ಗಡಿಬಿಡಿ ಇಲ್ಲದ ದಿನಗಳು ಈ ಕೆಲಸಕ್ಕೆ ಸೂಕ್ತ.

2024ರ ಫೆಬ್ರವರಿಯಿಂದ ಗೂಗಲ್ ಸಂಸ್ಥೆ ಈ ವಿಷಯದಲ್ಲಿ ಕಟ್ಟುನಿಟ್ಟಾಗಿದೆ. ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕೂ ಮೇಲ್ಪಟ್ಟು ಪತ್ರ ಕಳುಹಿಸುವವರಿಗೆ ಮೂರೂ ಕಡ್ಡಾಯ. ಕಡಿಮೆ ಕಳುಹಿಸುವವರಿಗೂ ಮೊದಲ ಎರಡರಲ್ಲಿ ಒಂದಾದರೂ ಬೇಕು.

ಇಷ್ಟೆಲ್ಲ ಮಾಡಿದರೂ ಎರಡು ಕಂಡಿಗಳು ಉಳಿಯುತ್ತವೆ. ಒಂದು ಅಕ್ಷರ ಮಾತ್ರ ಬೇರೆ ಇರುವ ಹೆಸರನ್ನು ಕಳ್ಳರು ನೋಂದಾಯಿಸಿಕೊಂಡರೆ, ಅಥವಾ ನಮ್ಮ ಪಾಸ್‌ವರ್ಡನ್ನೇ ಕದ್ದರೆ, ಮೊಹರು ತಡೆಯಲಾರದು. ಆದುದರಿಂದ ಖಾತೆ ಬದಲಾವಣೆಯ ಪತ್ರ ಬಂದಾಗ ಹಣ ಕಟ್ಟುವ ಮುನ್ನ ಕಚೇರಿಗೆ ಫೋನ್ ಮಾಡಿ ಕೇಳಬೇಕೆಂದು ಸದಸ್ಯ ಬಾಂಧವರಲ್ಲಿ ವಿನಂತಿಸುತ್ತೇವೆ. ಫೋನ್ ಮಾಡುವುದು ಆ ಪತ್ರದಲ್ಲಿರುವ ನಂಬರಿಗೆ ಅಲ್ಲ, ಮೊದಲಿನಿಂದ ತಮ್ಮಲ್ಲಿರುವ ನಂಬರಿಗೆ. ಹಣ ಕೈಬಿಟ್ಟಿದ್ದರೆ ಸಂಕೋಚಪಡದೆ ಕೂಡಲೇ 1930ಕ್ಕೆ ಕರೆಮಾಡಿ ದೂರು ನೀಡಿರಿ. ತಡವಾದಷ್ಟೂ ಹಣ ತಡೆಹಿಡಿಯುವುದು ಕಷ್ಟ.